ಐನ್‌ಮನೆ ರಿಪೇರಿಗೆ ಎಲ್ಲರೂ ದುಡ್ಡು ಹಾಕಿದರೆ ಒಟ್ಟು ಕುಟುಂಬ ಮತ್ತೆ ಕೂಡುತ್ತಾ?

ಐನ್‌ಮನೆ, ಅಂದರೆ ಕೊಡವ ಮನೆತನದ ಮೂಲ ಮನೆ, ಅದರ ರಿಪೇರಿಗೆ ಎಲ್ಲರೂ ದುಡ್ಡು ಹಾಕಿ ಒಟ್ಟು ಕುಟುಂಬವನ್ನು ಮತ್ತೆ ಕೂಡಿಸಬಹುದಾ ಅಂತ ಕೇಳಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ ‘ಊರಲ್ಲಿರೋ ಅಣ್ಣನ ಹತ್ತಿರ ಲೆಕ್ಕ ಕೇಳೋದು ಹೇಗೆ’ ಅಂತ ಒಂದು ಸಾಲಿದೆ. ಕೇಳಬೇಡಿ. ನಾನು ಕೇಳಿದ್ದೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಹಿಂದೆ ಕಾಫಿ ತೋಟ, ಮುಂದೆ ಗದ್ದೆ, ನಡುವೆ ಐನ್‌ಮನೆ. ನನ್ನ ತಾಯಿ (ನಮ್ಮಲ್ಲಿ ತಾಯಿ ಅಂದರೆ ಅಜ್ಜಿ, ಅಮ್ಮನಿಗೆ ಅವ್ವ ಅಂತೀವಿ) ಮದುವೆಯಾಗಿ ಬಂದಾಗ ಅಲ್ಲಿ 28 ಜನ ಇದ್ದರಂತೆ. ಒಂದೇ ಒಲೆ. ಬೆಳಗ್ಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ತಟ್ಟಲು ಕೂತರೆ, ಎದ್ದಾಗ ಮಧ್ಯಾಹ್ನದ ಅನ್ನಕ್ಕೆ ಎಸರಿಡುವ ಹೊತ್ತು. ಅಪ್ಪ 1981ರಲ್ಲಿ ತೋಟದ ಆಚೆ ಬದಿಗೆ ಸಣ್ಣ ಮನೆ ಕಟ್ಟಿಸಿದರು. ಅವತ್ತು ಅವ್ವ ನಾಲ್ಕು ಜನಕ್ಕೆ ಮಾತ್ರ ಪಂದಿಕರಿ (ಹಂದಿ ಸಾರು) ಮಾಡಿದಳು. ಉಪ್ಪು ಎಷ್ಟು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ದಿನದ ಬಗ್ಗೆ ಈಗಲೂ ಮದುವೆ ದಿನಕ್ಕಿಂತ ಖುಷಿಯಿಂದ ಹೇಳುತ್ತಾಳೆ. ಒಟ್ಟು ಕುಟುಂಬ ಎಷ್ಟು ಚಂದ ಇತ್ತು ಅಂತ ನಿಮಗೆ ಹೇಳಿದವರು ಯಾರು? ಜಗಲಿಯ ಐಮರದ (ಕೂರುವ ಮರದ ಹಲಗೆಯ) ಮೇಲೆ ಕೂತಿದ್ದವರೇ ಇರಬೇಕು. ಒಲೆ ಮುಂದೆ ಇದ್ದವರನ್ನು ಒಮ್ಮೆ ಕೇಳಿ.

ಹಾಗಾಗಿ ‘ಮತ್ತೆ ಕೂಡಿಸೋದು’ ಅನ್ನೋ ಮಾತೇ ನನಗೆ ಒಪ್ಪಿಗೆ ಇಲ್ಲ. ನಮ್ಮವರು ಜಗಳ ಆಡಿ ಬೇರೆಯಾದವರಲ್ಲ. ಅಷ್ಟು ಜನ ಒಂದೇ ಮನೆಯಲ್ಲಿ ಇದ್ದಿದ್ದು ಭತ್ತಕ್ಕಾಗಿ. ನಾಟಿಗೆ, ಕೊಯ್ಲಿಗೆ ಮನೆಯದೇ ಕೈಗಳು ಬೇಕಿತ್ತು. ಆಮೇಲೆ ಆಳು ಸಿಗೋದು ಕಷ್ಟವಾಯಿತು, ಆನೆ ಕಾಟ ಜಾಸ್ತಿಯಾಯಿತು, ಗದ್ದೆ ಪಾಳು ಬಿತ್ತು. ಇನ್ನೊಂದು ಕಡೆ ಕಾಫಿ. ಮೊದಲು ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕಿತ್ತು. 1996ರ ಹೊತ್ತಿಗೆ ಆ ಕಡ್ಡಾಯ ಪೂರ್ತಿ ಹೋಗಿ, ಯಾರ ಚೀಲ ಅವರೇ ಮಾರುವಂತಾಯಿತು. ದುಡ್ಡು ಅವರವರ ಕೈಗೆ ಬಂತು. ನಾವು ಮಕ್ಕಳು ಬೆಂಗಳೂರಿಗೆ ಹೋದೆವು. ಇದರಲ್ಲಿ ಯಾರನ್ನು ಬೈಯುವುದು?

ಐನ್‌ಮನೆಯಲ್ಲಿ ಉಳಿದವನು ದೊಡ್ಡಪ್ಪನ ಮಗ, ನನ್ನ ಅಣ್ಣ. ಸಂಜೆ ನೆಲ್ಲಕ್ಕಿಯ (ಮನೆಯ ನಡುಕೋಣೆಯ) ತೂಗುದೀಪ ಹಚ್ಚುವವನು ಅವನೇ, ಮಾಡಿನ (ಸೂರಿನ) ಎಲೆ ಕಸ ತೆಗೆಯುವವನೂ ಅವನೇ.

2016ರಲ್ಲಿ ಮಾಡು ಸೋರುತ್ತಿದೆ ಅಂದ. ಎಂಟು ಮನೆಯವರು ತಲಾ 5,000 ಹಾಕಿದೆವು, ಒಟ್ಟು 40,000. ಕೆಲಸ ಮುಗಿಯಿತು. ಆಗ ನಾನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ‘ಅಣ್ಣ, ಹೆಂಚಿನ ಬಿಲ್ಲು ಇಲ್ಲಿ ಹಾಕು.’

ಅಷ್ಟೇ. ಈ ಒಂದು ಸಾಲನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಅನುಮಾನ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನು ಆಗ ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಲಿಫ್ಟಿನವನು, ನೀರಿನ ಟ್ಯಾಂಕರಿನವನು, ಎಲ್ಲರ ಹತ್ತಿರ ಬಿಲ್ಲು ಕೇಳಿ ಕೇಳಿ ಬೆರಳಿಗೆ ಅದೇ ಅಭ್ಯಾಸ. ಫೋನ್ ಮಾಡಿ ‘ಎಷ್ಟಾಯ್ತು ಅಣ್ಣ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದ್ದು ಗ್ರೂಪಿನಲ್ಲಿ. ಪಿಯುಸಿ ಓದುತ್ತಿದ್ದ ಅವನ ಮಗನೂ ಆ ಗ್ರೂಪಿನಲ್ಲಿದ್ದ. ಇನ್ನೂ ದೊಡ್ಡ ತಪ್ಪೆಂದರೆ, ಬಿಲ್ಲು ಇರಲು ಸಾಧ್ಯವೇ ಇರಲಿಲ್ಲ. ಹಳೇ ಮಂಗಳೂರು ಹೆಂಚಿನ ಪಕ್ಕ ಹೊಸದು ಸರಿಯಾಗಿ ಕೂರುವುದಿಲ್ಲ. ಅದೇ ಅಳತೆಯದು ಬೇಕು ಅಂತ ಅಣ್ಣ ಊರೂರು ಸುತ್ತಿ, ಯಾರೋ ಕೆಡವುತ್ತಿದ್ದ ಹಳೇ ಮನೆಯಿಂದ ಆರಿಸಿ ತಂದಿದ್ದ. ಅದಕ್ಕೆಲ್ಲ ಯಾರು ಬಿಲ್ಲು ಕೊಡುತ್ತಾರೆ?

ಮರುದಿನ ಗ್ರೂಪಿಗೆ ಒಂದು ಫೋಟೋ ಬಂತು. ಮಗನ ನೋಟ್‌ಬುಕ್ಕಿನ ಹಾಳೆ. ಹೆಂಚು, ಜೀಪು ಬಾಡಿಗೆ, ಬಡಗಿ, ಇಬ್ಬರು ಆಳು. ಕೊನೆಯ ಸಾಲು: ‘ನಾನು, 8 ದಿನ, 0 ರೂಪಾಯಿ.’ ಉಳಿದ 1,150 ರೂಪಾಯಿಯನ್ನು ಎಂಟು ಪಾಲು ಮಾಡಿ ಕಳಿಸಿದ್ದ.

ಆ ವರ್ಷದ ಪುತ್ತರಿಗೆ (ನಮ್ಮ ಸುಗ್ಗಿ ಹಬ್ಬ) ಎಲ್ಲರೂ ಸೇರಿದ್ದೆವು. ಕದಿರು (ಭತ್ತದ ತೆನೆ) ತಂದು ಕಟ್ಟಿ, ಊಟ ಆದ ಮೇಲೆ ಅಣ್ಣ ಐನ್‌ಮನೆಯ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟ. ‘ಇನ್ನು ನೀನೇ ನೋಡ್ಕೊ’ ಅಂದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ತೋಟದಲ್ಲಿ ಆರ್‌ಸಿಸಿ ಮನೆ ಕಟ್ಟಿಕೊಂಡು ಹೋದ.

ಒಲೆಯ ಹೊಗೆ ಆಡದ ಮನೆಯ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಎರಡು ಮಳೆಗಾಲ ಅಷ್ಟೇ. 2018ರ ಆಗಸ್ಟ್ ನೆನಪಿದೆಯಲ್ಲ, ಕೊಡಗಿನ ಬೆಟ್ಟಗಳೇ ಜಾರಿದ ಮಳೆ. ಅಡುಗೆಮನೆ ಕಡೆಯ ಮಣ್ಣಿನ ಗೋಡೆ ಮಲಗಿಬಿಟ್ಟಿತು.

ಈಗ ನಿಮ್ಮ ವಿಷಯ. ದುಡ್ಡು ಕಳಿಸಿ, ಮರೆತುಬಿಡಿ. ಸ್ವಲ್ಪ ಆಚೀಚೆ ಆದರೂ ಆಗಲಿ, ಅಲ್ಲಿ ಮಲಗುವವನು ನಿಮ್ಮ ಅಣ್ಣ, ನೀವಲ್ಲ. ಲೆಕ್ಕ ನೋಡಲೇಬೇಕು ಅಂದರೆ ಹೋಗಿ ಎರಡು ದಿನ ಹೆಂಚು ಹೊರಿ. ಕೈಲ್‌ಪೊಳ್ದ್‌ಗೆ (ನಮ್ಮ ಆಯುಧ ಪೂಜೆಯ ಹಬ್ಬ), ಪುತ್ತರಿಗೆ ಹೋಗಿ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ಅಲ್ಲ. ಪಾಲು ಬರೆಸಿಕೊಳ್ಳುವ ಬಗ್ಗೆಯೂ ಕೇಳಿದ್ದೀರಿ. ಜಮ್ಮಾ ಜಾಗ (ಮನೆತನಕ್ಕೆ ಪರಂಪರೆಯಿಂದ ಬಂದ ಜಮೀನು), ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನ ಜೊತೆ ಎಲ್ಲರ ಹೆಸರು ಇರುವ ದಾಖಲೆ, ಅದು ವಕೀಲರ ಕೆಲಸ. ಅದನ್ನು ಮನೆ ರಿಪೇರಿ ಮಾತಿನ ಜೊತೆ ಸೇರಿಸಬೇಡಿ.

ಮತ್ತೆ, ಒಲೆ ಬೇರೆಯಾದರೆ ಒಕ್ಕ (ಮನೆತನ) ಸತ್ತುಹೋಯಿತು ಅಂದುಕೊಳ್ಳಬೇಡಿ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಮನೆತನಗಳ ಹಾಕಿ ಹಬ್ಬ ನೋಡಿ. ಇವತ್ತಿಗೂ ತಂಡ ಕಟ್ಟುವುದು ಮನೆತನದ ಹೆಸರಲ್ಲೇ. ಅಣ್ಣ ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಅಲ್ಲೇ, ಕೆಲವು ವರ್ಷ ಆದ ಮೇಲೆ. ನಮ್ಮ ತಂಡದಲ್ಲಿ ಅವನ ಮಗಳೂ ಆಡುತ್ತಿದ್ದಳು. ನಾವು ಮೊದಲ ಪಂದ್ಯದಲ್ಲೇ ಸೋತೆವು. ಇಬ್ಬರೂ ಅಂಪೈರನ್ನು ಬೈದೆವು.

ಕಳೆದ ಪುತ್ತರಿಗೆ ಬೀಗದ ಕೈ ವಾಪಸ್ ಕೊಡಲು ಹೋದೆ. ಅಣ್ಣ ತೆಗೆದುಕೊಳ್ಳಲಿಲ್ಲ. ‘ಇಟ್ಕೊ ಮಾರಾಯ, ಆ ಬಾಗಿಲಿಗೆ ಈಗ ಚಿಲಕವೇ ಇಲ್ಲ’ ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಮರ ಕುಯ್ಯಿಸಬೇಕು, ಫೆಬ್ರವರಿಯಲ್ಲಿ ರಜೆ ಸಿಗುತ್ತಾ ಅಂತ ಕೇಳಿದ.