ಒಪ್ಪಿಗೆ ಪತ್ರಕ್ಕೆ ಯಾರ ಸಹಿ?

(ಆ ಮನೆಯವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.)

ನಾನು ಆಪ್ತಸಲಹೆ (ಕೌನ್ಸೆಲಿಂಗ್) ಮಾಡುವವಳು. 2021ರ ಅಕ್ಟೋಬರ್ ಕೊನೆಯ ವಾರ. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಒಂದು ಊರಿನಿಂದ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು ಫೋನ್ ಮಾಡಿದರು. "ಮೇಡಂ, ಒಂದು ಮನಿ ಜಗಳ ಸಾಲಿ ಬಾಗಿಲಿಗೆ ಬಂದು ನಿಂತೈತ್ರಿ. ಮುಂಜಾನೆ ಗಂಡ ಪತ್ರ ತಂದು ಕೊಡ್ತಾನ. ಮಧ್ಯಾಹ್ನ ಹೆಂಡ್ತಿ ಬಂದು ವಾಪಸ್ ಒಯ್ತಾಳ. ಎರಡು ಸಲ ಆತು. ನಾವು ಯಾರ ಮಾತು ಕೇಳ್ಬೇಕ್ರಿ?"

ಪತ್ರ ಅಂದರೆ ಪಾಲಕರ ಒಪ್ಪಿಗೆ ಪತ್ರ. ಕೋವಿಡ್‌ಗೆ ಮುಚ್ಚಿದ್ದ ಶಾಲೆಗಳು ಆ ವರ್ಷ ಮೆಟ್ಟಿಲು ಇಳಿದ ಹಾಗೆ ತೆರೆದವು. ಆಗಸ್ಟ್ 23ಕ್ಕೆ ಒಂಬತ್ತನೇ ತರಗತಿಯಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಅಕ್ಟೋಬರ್ 25ಕ್ಕೆ ಒಂದರಿಂದ ಐದು. ಮಗು ಬರಲೇಬೇಕು ಅಂತ ಕಡ್ಡಾಯ ಇರಲಿಲ್ಲ. ಬರುವುದಾದರೆ ಮನೆಯವರ ಸಹಿ ಬೇಕಿತ್ತು. ಕೇಳೋಕೆ ಸರಿಯಾದ ಮಾತೇ. ಆದರೆ ಮೂರನೇ ಅಲೆ ಎದುರಿಸಲು ಸರ್ಕಾರ ಮಾಡಿದ್ದ ಡಾ. ದೇವಿ ಶೆಟ್ಟಿ ಸಮಿತಿ, ರಾಜ್ಯದ ತಾಂತ್ರಿಕ ಸಲಹಾ ಸಮಿತಿ, ಮಂತ್ರಿಗಳು, ಟಿವಿಯವರು ತಿಂಗಳುಗಟ್ಟಲೆ ಚರ್ಚೆ ಮಾಡಿದ ಪ್ರಶ್ನೆ ಕೊನೆಗೆ ಒಂದು ಜೆರಾಕ್ಸ್ ಹಾಳೆಯಾಗಿ ಕೂಲಿ ಮಾಡುವ ಹೆಣ್ಣುಮಗಳ ಕೈಗೆ ಬಂತು. ನನಗೆ ಆಗಲೂ ಅದು ಸರಿ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮನೆಯಲ್ಲಿ ಐದು ಜನ. ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿ. ಹೆಂಡತಿ ಹೊಲದ ಕೂಲಿ. ಅರವತ್ತು ದಾಟಿದ ಅತ್ತೆ, ಅವರಿಗೆ ಸಕ್ಕರೆ ಕಾಯಿಲೆ. ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ.

ಮೂರನೇ ಕ್ಲಾಸು ಅಂತ ಹೇಳಬೇಕು, ಅಷ್ಟೇ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಆ ಹುಡುಗ ಒಂದನೇ ಕ್ಲಾಸು. ಎರಡನೇ ಕ್ಲಾಸಿನ ಕೋಣೆ ಒಳಗಿನಿಂದ ಹೇಗಿದೆ ಅಂತ ಅವನು ನೋಡಿಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಮೇಷ್ಟ್ರು ಬಂದು ಕಲಿಸುತ್ತಿದ್ದರು. ಅಲ್ಲಿ ಇಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಬಂತು ಅನ್ನುವ ಸುದ್ದಿಯಾಗಿ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ನಿಜ. ಆ ಹೊತ್ತಿಗೆ ಮನೆಯಲ್ಲಿ ಟಿವಿ ಹಚ್ಚಿಕೊಡುವವರು ಯಾರೂ ಇರುತ್ತಿರಲಿಲ್ಲ. ಇದ್ದ ಒಂದು ಫೋನು ಅಪ್ಪನ ಜೇಬಿನಲ್ಲಿ ಮಿಲ್ಲಿಗೆ ಹೋಗುತ್ತಿತ್ತು.

ನಾನು ವಾರಕ್ಕೊಮ್ಮೆ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಮಾನ್ವಿಯಲ್ಲಿ ಮಹಿಳಾ ಸಂಘದವರ ಒಂದು ಕೋಣೆಯಲ್ಲಿ ಕೂರುತ್ತಿದ್ದೆ. ಪಕ್ಕದಲ್ಲೇ ಹೊಲಿಗೆ ಕ್ಲಾಸು. ಮೊದಲ ಸಲ ಗಂಡ-ಹೆಂಡತಿ ಇಬ್ಬರೂ ಬಂದರು, ಜೊತೆಗೆ ಹುಡುಗ. ಮಾತೆಲ್ಲ ಗಂಡನದ್ದೇ. ಹೆಂಡತಿ ಸೆರಗಿನ ಅಂಚು ಮಡಚುವುದು, ಬಿಚ್ಚುವುದು ಮಾಡುತ್ತಿದ್ದಳು.

ಹುಡುಗನಿಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು "ಅಕ್ಕ ಅಂತ ಬರಿಯಪ್ಪ" ಅಂದೆ. ಅವನು 'ಅಕ' ಅಂತ ಬರೆದ. ಏನೋ ಕಡಿಮೆ ಇದೆ ಅಂತ ಅವನಿಗೆ ಗೊತ್ತಾಯಿತು. ಬೆರಳಿಗೆ ಉಗುಳು ಹಚ್ಚಿ 'ಕ' ಅಳಿಸಿದ. ಹಾಳೆ ಹರಿಯಿತು. ಹರಿದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಕೂತ, ಹೋಗುವ ತನಕ ಕೈ ತೆಗೆಯಲಿಲ್ಲ.

ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಒಂದು ತಪ್ಪು ಮಾಡಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆ ಮಕ್ಕಳನ್ನು ಪರೀಕ್ಷಿಸಿದ್ದರು. ಹದಿನಾರು ಸಾವಿರ ಮಕ್ಕಳಲ್ಲಿ ನೂರಕ್ಕೆ 92 ಮಂದಿ ಭಾಷೆಯಲ್ಲಿ ಮೊದಲು ಬರುತ್ತಿದ್ದ ಒಂದಾದರೂ ಕೌಶಲ ಮರೆತಿದ್ದರು. ಗಣಿತದಲ್ಲಿ 82. ಇದನ್ನೆಲ್ಲ ಆ ತಾಯಿಗೆ ಹೇಳಿದೆ. ಆಕೆ ತಲೆ ಎತ್ತಲಿಲ್ಲ. ಗಂಡ ಮಾತ್ರ ಕಿವಿಗೊಟ್ಟು ಕೇಳಿದ. ಊರಿಗೆ ಹೋದ ಮೇಲೆ ಅದನ್ನೇ ಬಡಿಗೆ ಮಾಡಿಕೊಂಡ. "ಮೇಡಂ ಹೇಳ್ಯಾರ, ನೂರಕ್ಕ ತೊಂಬತ್ತೆರಡು! ನಿನ್ನ ಸಲುವಾಗಿ ನನ್ನ ಮಗ ದಡ್ಡ ಆಗ್ಬೇಕೇನು?" ಮುಂದಿನ ವಾರ ಇದನ್ನು ಹೆಡ್‌ಮಾಸ್ತರರು ಹೇಳಿದಾಗ ನಾಚಿಕೆಯಾಯಿತು. ಅಂಕಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆಕೆ ಕೇಳುತ್ತಿದ್ದ ಪ್ರಶ್ನೆ ಅದಾಗಿರಲಿಲ್ಲ.

ಎರಡನೇ ಸಲ ಆಕೆಯನ್ನು ಒಬ್ಬಳೇ ಬರಲು ಹೇಳಿದೆ. ಶಾಲೆಯ ಸುದ್ದಿಯನ್ನೇ ಎತ್ತಲಿಲ್ಲ. ಚಹಾ ತರಿಸಿದೆ. "ಆ ಕಾಗದ ಕೈಯಾಗ ಹಿಡಿದ್ರ ಏನಾಗತೈತವ್ವ ನಿನಗ?" ಅಂತ ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು. "ಕೈ ನಡಗತಾವ್ರಿ. ಹೋದ ಸಲ ಸಹಿ ಮಾಡಿದಾಗ ಮುದುಕ ಸತ್ತ."

ಮೇ ತಿಂಗಳು, ಎರಡನೇ ಅಲೆ. ಮನೆಯಲ್ಲಿ ಮೊದಲು ಗಂಡನಿಗೆ ಬಂತು, ಅವನನ್ನು ಕೋವಿಡ್ ಕೇರ್ ಸೆಂಟರ್‌ಗೆ ಒಯ್ದರು. ನಾಲ್ಕು ದಿನಕ್ಕೆ ಮಾವನಿಗೆ ಉಸಿರು ಸಿಗದಾಯಿತು. ಆಸ್ಪತ್ರೆಗೆ ಜೊತೆ ಹೋದವಳು ಈಕೆ ಒಬ್ಬಳೇ. ರಾತ್ರಿ ಯಾರೋ ಬಂದು ವೆಂಟಿಲೇಟರ್ ಹಾಕಬೇಕು, ಜೀವಕ್ಕೆ ಗ್ಯಾರಂಟಿ ಇಲ್ಲ, ಇಲ್ಲಿ ಸಹಿ ಮಾಡಿ ಅಂದರು. ಫೋನಿನಲ್ಲಿ ಗಂಡ ಸಿಗಲಿಲ್ಲ. ಸಹಿ ಮಾಡಿದಳು. ಎರಡು ದಿನಕ್ಕೆ ಮಾವ ಹೋದರು. ಅವರ ಮುಖವನ್ನೂ ಸರಿಯಾಗಿ ತೋರಿಸಲಿಲ್ಲ. ಮೂರನೇ ದಿನ, ಬಂಧುಗಳ ಮುಂದೆ, ಅತ್ತೆ ಒಂದು ಮಾತು ಅಂದರು: "ಸಹಿ ಮಾಡಿ ಕಳಿಸಿದಾಕಿ ನೀನಽ ಅಲ್ಲ."

ಆಸ್ಪತ್ರೆಯವರೂ ಆ ಕಾಗದಕ್ಕೆ 'ಒಪ್ಪಿಗೆ ಪತ್ರ' ಅಂದಿದ್ದರು. ಶಾಲೆಯವರೂ ಅದನ್ನೇ ಅಂದರು.

"ಮಗನಿಗೆ ಏನರ ಆಗತೈತಂತ ಅಂಜಿಕಿ ಏನವ್ವ?"

"ಇಲ್ರಿ. ಹುಡುಗರಿಗೆ ಏನೂ ಆಗಂಗಿಲ್ಲಂತ ಎಲ್ಲಾರೂ ಅಂತಾರ. ಅವ ಮುದುಕಿ ಹಂತೇಕ ಮಲಗತಾನ್ರಿ. ಅವ ಸಾಲಿಯಿಂದ ತಂದು ಮುದುಕಿಗೆ ಹಚ್ಚಿದ್ರ? ಆಕೀನೂ ಹೋದ್ರ? ಆವಾಗೂ ಸಹಿ ನಂದಽ ಇರತೈತಲ್ರಿ."

ಊರೆಲ್ಲ ಈಕೆಯನ್ನು ಮೂಢ ಹೆಂಗಸು ಅನ್ನುತ್ತಿತ್ತು. ನನ್ನ ಲೆಕ್ಕದಲ್ಲಿ ಆ ಊರಿನಲ್ಲಿ ಅಪಾಯವನ್ನು ಸರಿಯಾಗಿ ಅಳೆದವಳು ಇವಳೇ. ಮಕ್ಕಳಿಗೆ ಬಂದರೂ ಸಾಮಾನ್ಯವಾಗಿ ಹಗುರ, ಪೆಟ್ಟು ಬೀಳುವುದು ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ. ಆ ಅತ್ತೆ ಒಂದು ಡೋಸ್ ಕೂಡ ಹಾಕಿಸಿಕೊಂಡಿರಲಿಲ್ಲ. ಮಾರ್ಚ್‌ನಿಂದಲೇ ಅರವತ್ತು ದಾಟಿದವರಿಗೆ ಲಸಿಕೆ ಇತ್ತು, ದೇಶದಲ್ಲಿ ಅದೇ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸ್ ಆಗಿತ್ತು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದರೆ ಮುದುಕಿ ಹಿತ್ತಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರಂತೆ. ಸೂಜಿ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ ಅಂತ ಅವರಿಗೆ ಯಾರೋ ಹೇಳಿದ್ದರು.

ನಾನು ಅವತ್ತು ಎರಡನೇ ತಪ್ಪು ಸಲಹೆಯನ್ನೂ ಕೊಟ್ಟೆ. ಹುಡುಗನನ್ನು ಅಜ್ಜಿಯಿಂದ ಬೇರೆ ಮಲಗಿಸಿ ಅಂದೆ. ಆಕೆ ನನ್ನ ಮುಖವನ್ನೇ ನೋಡಿದಳು. "ಮುದುಕ ಹೋದ ದಿನದಿಂದ ಆ ಹಾಸಿಗ್ಯಾಗ ಅವನಽ ಅದಾನ್ರಿ ಆಕಿಗೆ." ಆ ಮಾತನ್ನು ಅಲ್ಲೇ ವಾಪಸ್ ತಗೊಂಡೆ.

ಗಂಡನ ಜೊತೆ ಫೋನಿನಲ್ಲಿ ಮಾತಾಡಿದೆ. ಹೆಂಡತಿಯ ಒಪ್ಪಿಗೆ ಪಡೆದು, ಆ ರಾತ್ರಿಯ ಸಹಿಯ ವಿಷಯ ಹೇಳಿದೆ. ಅವನಿಗೆ ಸಹಿ ಮಾಡಿದ್ದು ಗೊತ್ತಿತ್ತು, ಅದು ಇನ್ನೂ ಅವಳ ಕೈಯಲ್ಲಿ ಕೂತಿದೆ ಅಂತ ಗೊತ್ತಿರಲಿಲ್ಲ. "ನಾ ಇದ್ದಿದ್ರ ನಾನೂ ಸಹಿ ಮಾಡತಿದ್ದೆ ಮೇಡಂ, ಮತ್ತೇನು ಮಾಡಾಕ ಬರತಿತ್ತು?" ಅಂದ. ಇದನ್ನು ನನಗಲ್ಲ, ಮನೆಯಲ್ಲಿ ಹೇಳಪ್ಪ ಅಂದೆ. ತಾಯಿ ಕೇಳುವ ಹಾಗೆ ಹೇಳು ಅಂದೆ. ಮಗನ ವಿಷಯ ಅವತ್ತು ಎತ್ತಬೇಡ, ನನ್ನ ಅಂಕಿಗಳನ್ನಂತೂ ಎತ್ತಲೇಬೇಡ ಅಂತಲೂ ಹೇಳಿದೆ. ಹೆಡ್‌ಮಾಸ್ತರರಿಗೆ, ಇನ್ನು ಒಂದು ವಾರ ಆ ಪತ್ರ ಕೇಳಬೇಡಿ, ಹುಡುಗನಿಗೆ ಮನೆಗೇ ಪುಸ್ತಕ ಕೊಟ್ಟು ಕಳಿಸಿ ಅಂದೆ. ಅವರು ಕೊಟ್ಟರು.

ದೀಪಾವಳಿ ಮುಗಿದ ಮೇಲೆ ನಾನೇ ಆ ಊರಿಗೆ ಹೋದೆ. ಅತ್ತೆ ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನಗೂ ಒಂದು ಬೊಗಸೆ ಹಾಕಿದರು, ನಾನೂ ಸುಲಿಯುತ್ತಾ ಕೂತೆ. ಅವರ ಮಗ ಆ ಸಹಿಯ ಮಾತನ್ನು ಹಬ್ಬದ ದಿನವೇ ಹೇಳಿದ್ದ. ಅದನ್ನೇ ಹಿಡಿದು, ಮೂರನೇ ದಿನ ನೀವು ಸೊಸೆಗೆ ಹಿಂಗಂದಿದ್ರಂತೆ ಅಂತ ಕೇಳಿದೆ.

ಅವರ ಕೈ ನಿಂತಿತು. "ನಾ ಅಂದಿದ್ನಾ?" ಅವರಿಗೆ ನಿಜಕ್ಕೂ ನೆನಪಿರಲಿಲ್ಲ. "ಗಂಡ ಸತ್ತಾಕಿ ಏನೇನೋ ಅಂತಾಳವ್ವ. ಇಕಿ ಅದನ್ನ ಇಟಗೊಂಡಾಳೇನು ಇಷ್ಟ ದಿನ?" ಒಳಗೆ ಪಾತ್ರೆ ತಿಕ್ಕುವ ಸದ್ದೂ ನಿಂತಿತ್ತು. ಅತ್ತೆ ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಏ, ಬಾ ಇಲ್ಲಿ, ಚಾ ಮಾಡಿ ತಾ" ಅಂತ ಜೋರಾಗಿ ಕರೆದರು. ಸೊಸೆ ಚಹಾ ತಂದಾಗ ಪಕ್ಕದಲ್ಲಿ ಜಾಗ ಮಾಡಿ ಕೊಟ್ಟರು. ನಾವು ಆಪ್ತಸಲಹೆಯವರು ಬಾಯಿಬಿಟ್ಟು ಹೇಳಲಿ ಅಂತ ಬಹಳ ಹಟ ಹಿಡಿಯುತ್ತೇವೆ. ಅವತ್ತು ನಾನು ಹಿಡಿಯಲಿಲ್ಲ.

ಆ ಕಟ್ಟೆ ಮೇಲೆ ನಾನು ಹೇಳಿದ್ದು ಇಷ್ಟು. ಆಸ್ಪತ್ರೆಯ ಕಾಗದ ಒಂದು ಸಲ ಸಹಿ ಮಾಡಿದರೆ ಮುಗಿಯಿತು, ಅದು ಅಂಥ ಹೊತ್ತು. ಶಾಲೆಯ ಕಾಗದ ಹಾಗಲ್ಲ. ಬೇಡ ಅನ್ನಿಸಿದ ದಿನ ವಾಪಸ್ ತರಬಹುದು. ಇದನ್ನು ನಾನು ಹೇಳಿಕೊಡಬೇಕಾಗಿಯೇ ಇಲ್ಲ, ನೀನು ಎರಡು ಸಲ ತಂದಿದ್ದೀಯಲ್ಲ ತಂಗಿ ಅಂದೆ. ಆಕೆ ಮೊದಲ ಸಲ ನಕ್ಕಳು. ಹಾಗಾಗಿ ಎರಡು ವಾರಕ್ಕೆ ಅಂತ ಕಳಿಸಿ ನೋಡಿ, ಆಮೇಲೆ ಮತ್ತೆ ಕೂತು ಮಾತಾಡಿ. ಸಹಿ ಒಬ್ಬರದ್ದಲ್ಲ, ಗಂಡ ಹೆಂಡತಿ ಇಬ್ಬರದ್ದೂ ಇರಲಿ. ಹುಡುಗನಿಗೆ ಕೆಮ್ಮು, ಜ್ವರ ಬಂದ ದಿನ ಕಳಿಸಬೇಡಿ, ಮೇಷ್ಟ್ರು ಬೈಯುವುದಿಲ್ಲ. ಮನೆಗೆ ಬಂದ ಕೂಡಲೇ ಕೈಕಾಲು ತೊಳೆದು ಅಂಗಿ ಬದಲಿಸಲಿ, ಮಲಗುವ ಕೋಣೆಯ ಕಿಟಕಿ ತೆರೆದಿಡಿ, ಅಜ್ಜಿಯ ಹಾಸಿಗೆ ಅಲ್ಲೇ ಇರಲಿ.

ಇನ್ನು ಲಸಿಕೆ. "ಅಮ್ಮಾ, ಮೊಮ್ಮಗ ಸಾಲಿಗೆ ಹೋಗೋದು ನಿಮ್ಮ ಕೈಯಾಗ ಐತಿ, ಇವರ ಸಹಿಯಾಗ ಇಲ್ಲ" ಅಂದೆ. ಎರಡು ವರ್ಷದ ಮಾತಿಗೆ ನಾನು ವಾದ ಮಾಡಲಿಲ್ಲ. ಶಾಲೆಯ ಮೇಷ್ಟ್ರೆಲ್ಲ ಎರಡೆರಡು ಡೋಸ್ ಹಾಕಿಸಿಕೊಂಡೇ ಮಕ್ಕಳ ಮುಂದೆ ನಿಂತಿದ್ದಾರೆ, ನೀವೇ ಹೋಗಿ ಅವರನ್ನು ಕೇಳಿ ಅಂದೆ. ಅವರು ಕೇಳಲಿಲ್ಲ. ಮೂರು ದಿನ ಬಿಟ್ಟು ಸೊಸೆಯ ಕೈ ಹಿಡಿದುಕೊಂಡು ಉಪಕೇಂದ್ರಕ್ಕೆ ಹೋದರು. ಯಾಕೆ ಮನಸ್ಸು ಬದಲಾಯಿತು ಅಂತ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಮಗಳ ವಿಷಯ ಬೇರೆ. ಸೆಪ್ಟೆಂಬರ್‌ನಲ್ಲಿ ಅವಳ ಪತ್ರಕ್ಕೆ ಅಪ್ಪ ಯಾರಿಗೂ ಹೇಳದೆ ಸಹಿ ಹಾಕಿ ಕೊಟ್ಟಿದ್ದ. ನಾಲ್ಕು ದಿನ ಹೋದಳು, ಕೆಮ್ಮು ಬಂತು, ತಾಯಿ ನಿಲ್ಲಿಸಿದಳು. ಕೆಮ್ಮು ಹೋಯಿತು. ಹುಡುಗಿ ಶಾಲೆಗೆ ಹೋಗಲಿಲ್ಲ, ಓಣಿಯ ಹೆಂಗಸರ ಜೊತೆ ಹತ್ತಿ ಬಿಡಿಸಲು ಹೋಗತೊಡಗಿದಳು. ಚಹಾ ಲೋಟ ಕೊಡುವಾಗ ಅವಳ ಬೆರಳು ನೋಡಿದೆ. ಉಗುರಿನ ಸುತ್ತ ಹತ್ತಿಕಾಯಿಯ ಸಿಪ್ಪೆ ಚುಚ್ಚಿದ ಗೀರು, ಕೆಲವು ಒಣಗಿದ್ದವು, ಕೆಲವು ಹಸಿ. ಅವಳ ಕೂಲಿಯಲ್ಲೇ ಹಬ್ಬಕ್ಕೆ ತಮ್ಮನ ಅಂಗಿ ಬಂದಿತ್ತು.

ಇಲ್ಲಿ ನಾನು ಎರಡೂ ಕಡೆ ಮಾತಾಡಲಿಲ್ಲ. ಹದಿಮೂರು ವರ್ಷದ ಹುಡುಗಿ ಕೂಲಿಗೆ ಹೋಗುವುದಕ್ಕೆ ಯಾರ ಒಪ್ಪಿಗೆ ಪತ್ರವೂ ನಡೆಯುವುದಿಲ್ಲ ಅಂತ ಗಂಡ-ಹೆಂಡತಿಗೆ ನೇರವಾಗಿ ಹೇಳಿದೆ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಬಾರದು ಅನ್ನುವ ಕಾನೂನು ವಿವರಿಸಿದೆ. ಎಲ್ಲಾದರೂ ಗಂಡು ನೋಡುತ್ತಿದ್ದೀರಾ ಅಂತಲೂ ಕೇಳಿದೆ. ಇಲ್ಲ ಅಂದರು. ನಂಬಿದೆ, ಆದರೂ ಹೆಡ್‌ಮಾಸ್ತರರಿಗೆ ಒಂದು ಕಣ್ಣಿಡಲು ಹೇಳಿದೆ. ಹುಡುಗಿಗೆ ಮಕ್ಕಳ ಸಹಾಯವಾಣಿಯ 1098 ನಂಬರ್ ಬಾಯಿಪಾಠ ಮಾಡಿಸಿದೆ. ಅವಳು ಶಾಲೆಗೆ ವಾಪಸ್ ಬಂದಿದ್ದು ತಮ್ಮ ಹೋದ ಹತ್ತು ದಿನದ ಮೇಲೆ. ಹತ್ತಿ ಹೊಲದವರ ಹತ್ತಿರ ಮನೆಯವರು ಮುಂಗಡ ತಗೊಂಡಿದ್ದರು. ಅದನ್ನು ತಾಯಿ ಹೋಗಿ ದುಡಿದು ತೀರಿಸಿದಳು.

ಹುಡುಗನ ಪತ್ರವನ್ನು ಹೆಡ್‌ಮಾಸ್ತರರು ನನಗೆ ಫೋಟೊ ಹೊಡೆದು ಕಳಿಸಿದ್ದರು. ಪಾಲಕರ ಸಹಿ ಅನ್ನುವ ಒಂದೇ ಗೆರೆಯ ಮೇಲೆ ಎರಡು ಸಹಿ, ಕೆಳಗೆ ನೀಲಿ ಇಂಕಿನ ಒಂದು ಹೆಬ್ಬೆಟ್ಟು. "ಮುದುಕಿ ತಾನಽ ಬಂದು ಒತ್ತಿ ಹೋದ್ಳ್ರಿ. ಬ್ಯಾಡಬೇ ಅಂದ್ರ ಕೇಳಲಿಲ್ಲ" ಅಂದರು.

2022ರ ಜನವರಿ ಕೊನೆಗೆ, ಮೂರನೇ ಅಲೆಯ ಹೊತ್ತಿನಲ್ಲಿ, ಆ ತಾಯಿ ಫೋನ್ ಮಾಡಿದಳು. ಮತ್ತೆ ಪತ್ರದ ತಕರಾರೇ ಇರಬೇಕು ಅಂದುಕೊಂಡೆ. ಅದಲ್ಲ. ಎರಡನೇ ಡೋಸಿಗೆ 84 ದಿನ ಅಂದಿದ್ದರಲ್ಲ, ಹಾಲಿನ ಲೆಕ್ಕದ ಪಕ್ಕ ಗೋಡೆ ಮೇಲೆ ಇದ್ದಿಲಿನಿಂದ ಗೆರೆ ಎಳೀತಾ ಬಂದಿದ್ದಳಂತೆ. ಸಂಕ್ರಾಂತಿಗೆ ಸುಣ್ಣ ಹಚ್ಚುವಾಗ ಅತ್ತೆ ಅದನ್ನೂ ಬಳಿದುಬಿಟ್ಟಿದ್ದರು. "ಯಾವ ತಾರೀಖಿಗೆ ಬರತೈತಿ ಒಂಚೂರು ಎಣಿಸಿ ಹೇಳ್ರಿ ಮೇಡಂ" ಅಂದಳು. ಕ್ಯಾಲೆಂಡರ್ ತೆಗೆದು ಇಬ್ಬರೂ ಎಣಿಸತೊಡಗಿದೆವು.