ಆ ದನಿ ಯಾವ ಕಡೆಯಿಂದ ಬಂತು?

ಪ್ರಿಯರೇ, ನಮಸ್ಕಾರ.

2024ರಲ್ಲಿ ಬಂದ 'ಸೆನುವಾಸ್ ಸಾಗಾ: ಹೆಲ್‌ಬ್ಲೇಡ್ 2' ಗೇಮ್ ಬಗ್ಗೆ ನೀವು ಕಳಿಸಿದ 'ಕಿವಿಗೊಂದು ಹಬ್ಬ' ಲೇಖನ ಓದಿದೆ. ಅಕ್ಷರ ತಪ್ಪುಗಳಿಲ್ಲ. ಹತ್ತನೇ ಶತಮಾನದ ಐಸ್‌ಲ್ಯಾಂಡಿನ ಕಥೆಯನ್ನು ಚೊಕ್ಕವಾಗಿ ಹೇಳಿದ್ದೀರಿ. ಸಂತೋಷ. ಈಗ ಜಗಳಕ್ಕೆ ಬರುತ್ತೇನೆ.

ನಿಮ್ಮ ಮೊದಲ ಸಾಲು: "ಇದರ ಸೌಂಡ್ ಎಫೆಕ್ಟ್ ವರ್ಣಿಸಲು ಪದಗಳೇ ಸಾಲದು!" ಆಮೇಲೆ ನೀವು 900 ಪದ ಬರೆದಿದ್ದೀರಿ. ಅದರಲ್ಲಿ 'ಅದ್ಭುತ' 11 ಸಲ. ಎಣಿಸಿದೆ. ಸಂಪಾದಕರಿಗೆ ಇಂಥ ಕೆಟ್ಟ ಚಾಳಿಗಳಿರುತ್ತವೆ.

ಎರಡನೇ ಸಾಲು: "ಹೆಡ್‌ಫೋನ್ ಹಾಕಿಕೊಂಡರೆ ರೋಮಾಂಚನ." ಯಾವ ಸದ್ದಿಗೆ? ಮೂರನೆಯದು: "ಸುತ್ತಲಿಂದಲೂ ಭಯಾನಕ ಶಬ್ದಗಳು." ಸುತ್ತಲಿಂದ ಅಂದುಬಿಟ್ಟರೆ ಓದುವವನು ಯಾವ ಕಡೆ ತಿರುಗಬೇಕು? ಕಲ್ಲಿಗೆ ಕತ್ತಿ ತಾಗಿ ಕಿರ್ರ್ ಎಂದಿತೇ? ಏನಾದರೂ ಧೊಪ್ಪನೆ ಬಿತ್ತೇ? ಸರಸರ, ದಡಬಡ, ಚಟಪಟ, ಗುಸುಗುಸು, ಗೊಣಗೊಣ ಅಂತ ಸದ್ದಿಗೆಂದೇ ಮಾತು ಕೂಡಿಟ್ಟುಕೊಂಡ ಭಾಷೆ ನಮ್ಮದು. ಅದರಲ್ಲಿ ಬರೆಯುತ್ತ ಪದ ಸಾಲದು ಅಂದರೆ ನನಗೆ ಸಿಟ್ಟು ಬರುತ್ತದೆ.

ಈ ಗೇಮ್‌ನ ಹೆಚ್ಚುಗಾರಿಕೆಯೇ ಸದ್ದಿನ ದಿಕ್ಕು, ಅಲ್ವಾ? ಕಥಾನಾಯಕಿ ಸೆನುವಾಗೆ ಸೈಕೋಸಿಸ್ ಎಂಬ ಮಾನಸಿಕ ಕಾಯಿಲೆ ಇದೆ. ಇಲ್ಲದವರ ದನಿ ಅವಳಿಗೆ ಕೇಳುತ್ತಲೇ ಇರುತ್ತದೆ. 2017ರ ಮೊದಲ ಭಾಗಕ್ಕೇ ಗೇಮ್ ತಯಾರಿಸಿದ ನಿಂಜಾ ಥಿಯರಿಯವರು ಬೈನಾರಲ್ ರೆಕಾರ್ಡಿಂಗ್ ಬಳಸಿದ್ದರು. ಎರಡು ಕಿವಿಯ ಜಾಗದಲ್ಲಿ ಎರಡು ಮೈಕ್. ನಟಿಯರು ಅದರ ಸುತ್ತ ಓಡಾಡುತ್ತ, ತೀರ ಹತ್ತಿರ ಬಂದು ಪಿಸುಗುಟ್ಟಿದರು. ಎಡಗಡೆಯ ಮಾತು ಎಡಗಿವಿಗೆ ಒಂಚೂರು ಮೊದಲು, ಒಂಚೂರು ಜೋರಾಗಿ ತಲುಪುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿದುಳಿಗೆ ಅಷ್ಟು ಸಾಕು. ಮೊದಲ ಭಾಗದಲ್ಲಿ ಕತ್ತಲೆಯ ಒಂದು ಘಟ್ಟ ಇದೆ. ಅಲ್ಲಿ ಹೆಚ್ಚುಕಡಿಮೆ ಕಿವಿಯನ್ನೇ ನಂಬಿ ನಡೆಯಬೇಕು. ಬೆನ್ನ ಹಿಂದೆ ಶತ್ರು ಬಂದರೆ ಎಚ್ಚರಿಸುವುದೂ ಆ ದನಿಗಳೇ. ಇಷ್ಟೆಲ್ಲ ನಿಮ್ಮಲ್ಲಿ "ಸೂಪರ್ 3ಡಿ ಸೌಂಡ್" ಅಂತ ಮುಗಿದುಹೋಗಿದೆ.

ನಾನೂ ಇದಕ್ಕೇ ಬೈಸಿಕೊಂಡವನು. ಕೆಲಸಕ್ಕೆ ಸೇರಿದ ಹೊಸತು. ಯಕ್ಷಗಾನದ ವರದಿಯಲ್ಲಿ "ಚೆಂಡೆಯ ನಾದ ಮುಗಿಲು ಮುಟ್ಟಿತು" ಅಂತ ಬರೆದಿದ್ದೆ. ನಮ್ಮ ಹಿರಿಯರು ಪೆನ್ನು ಕೆಳಗಿಟ್ಟರು. "ಚೆಂಡೆಯವನು ಭಾಗವತರ ಯಾವ ಕಡೆ ಇದ್ದ ಮಾರಾಯ?" ನನಗೆ ಗೊತ್ತಿರಲಿಲ್ಲ. ನಿದ್ದೆ ತಡೆಯಲಾರದೆ ಹನ್ನೆರಡಕ್ಕೇ ಎದ್ದು ಬಂದಿದ್ದೆ. ಒಪ್ಪಿಕೊಂಡೆ.

"ಹಾಗಾದ್ರೆ ನೀನು ಚೆಂಡೆ ಕೇಳಿದ್ದು ಎಲ್ಲಿ?"

"ಗದ್ದೆ ಅಂಚಿನಲ್ಲಿ ನಡೀತಾ ಇದ್ದಾಗ. ಬೆನ್ನ ಹಿಂದೆ. ತಿರುವು ದಾಟಿದ ಮೇಲೆ ಸುಮ್ನೆ ಟಕಟಕ ಅಂತಿತ್ತು."

"ಅದನ್ನೇ ಬರಿ."

ಬರೆದೆ. ಅರ್ಧ ಆಟ ನೋಡಿದ್ದಕ್ಕೆ ಅರ್ಧ ಭತ್ಯೆಯೇ ಸಿಕ್ಕಿತು, ಅದು ಬೇರೆ ಮಾತು.

ನಿಮ್ಮ ನಾಲ್ಕನೇ ಪ್ಯಾರಾದಲ್ಲಿ, ಆವರಣದೊಳಗೆ, ಒಂದು ಸಾಲು ಅವಿತು ಕೂತಿದೆ: "(ಅಮ್ಮ ಊಟಕ್ಕೆ ಕರೆಯಲು ಬಂದು ಹೆಗಲು ಮುಟ್ಟಿದಾಗ ಕಿರುಚಿಬಿಟ್ಟೆ)". ಇಡೀ ಲೇಖನದಲ್ಲಿ ನಾನು ಎರಡು ಸಲ ಓದಿದ್ದು ಇದೊಂದನ್ನೇ. ಅಮ್ಮ ಅದಕ್ಕೆ ಮೊದಲು ಎಷ್ಟು ಸಲ ಕರೆದಿದ್ದರು? ಅವರ ದನಿಯೂ ಗೇಮಿನದೇ ಅಂದುಕೊಂಡಿರಾ? ಆ ಹೊತ್ತಿಗೆ ಸೆನುವಾಳ ಕಿವಿಯಲ್ಲಿ ಯಾರು, ಏನು ಹೇಳುತ್ತಿದ್ದರು?

ಆವರಣ ತೆಗೆಯಿರಿ. ಅಲ್ಲಿಂದಲೇ ಶುರು ಮಾಡಿ. ಗ್ರಾಫಿಕ್ಸ್ ಬಗೆಗಿನ ಎರಡು ಪ್ಯಾರಾ ಬೇಡ. 600 ಪದ ದಾಟದ ಹಾಗೆ, ಮುಂದಿನ ತಿಂಗಳ 10ರೊಳಗೆ ಕಳಿಸಿ. 'ಅದ್ಭುತ' ಒಂದು ಸಲ ಇರಲಿ. ಎಲ್ಲಿ ಅಂತ ನೀವೇ ಆರಿಸಿ.

ಇತಿ,
ಸಂಪಾದಕ