‘ಎವ್ರಿಒನ್’ ಜೊತೆ ಹ್ಯಾಸೋ, ಹ್ಯಾವೋ? ತಿಪಟೂರಿನ ಬರಹಗಾರರಿಗೆ

ನಮಸ್ಕಾರ. ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗೆಂದು ನೀವು ಕಳಿಸಿದ ಇಂಗ್ಲಿಷ್ ವ್ಯಾಕರಣದ ಲೇಖನವನ್ನು ಈಗಿರುವಂತೆ ಅಚ್ಚು ಹಾಕಲಾಗದು. ಬರವಣಿಗೆ ತಿಳಿಯಾಗಿದೆ. ಕೈಕೊಟ್ಟಿರುವುದು ನೀವು ದಪ್ಪಕ್ಷರದಲ್ಲಿ ಕೊಟ್ಟ ಸೂತ್ರ: ‘ಸರ್ವನಾಮ ಹಲವರನ್ನು ಸೂಚಿಸಿದರೆ ಕ್ರಿಯಾಪದ ಬಹುವಚನ.’ ಇದನ್ನು ನಂಬಿದ ಮಗು ‘ಎವ್ರಿಒನ್ ಹ್ಯಾವ್ ಕಮ್’ ಎಂದೇ ಬರೆಯುತ್ತದೆ. ಊರಿಗೆ ಊರೇ ನೆರೆದಿದ್ದರೂ ಇಂಗ್ಲಿಷಿನಲ್ಲಿ ‘ಎವ್ರಿಒನ್ ಹ್ಯಾಸ್ ಕಮ್’. ಒನ್, ಬಡಿ, ಥಿಂಗ್ ಎಂದು ಮುಗಿಯುವ ಇಂಥ ಪದಗಳಿಗೆಲ್ಲ ಇದೇ ನಿಯಮ: ಕ್ರಿಯಾಪದ ಏಕವಚನ.

ಮಕ್ಕಳು ಯಾಕೆ ಎಡವುತ್ತಾರೆ ಎಂಬುದನ್ನು ನೀವು ಮುಟ್ಟಿಯೇ ಇಲ್ಲ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎನ್ನುವಾಗ ಪದದೊಳಗೆ ‘ಒಬ್ಬ’ ಕೂತಿದ್ದರೂ ಕನ್ನಡದ ಕ್ರಿಯಾಪದ ಬಹುವಚನ. ಬಾಗಿಲು ತಟ್ಟಿದ್ದು ಒಬ್ಬರೇ ಆದರೂ ‘ಯಾರೋ ಬಂದಿದ್ದಾರೆ’ ಎನ್ನುತ್ತೇವೆ. ‘ಸಮ್‌ಒನ್ ಹ್ಯಾವ್ ಕಮ್’ ಹುಟ್ಟುವುದು ಅಲ್ಲೇ. ‘ಯಾರೂ ಬಂದಿಲ್ಲ’ ಇನ್ನೂ ತಂಟೆಯದು: ‘ಇಲ್ಲ’ಕ್ಕೆ ವಚನವೇ ಇಲ್ಲ. ಅದನ್ನು ಹಾಗೇ ಎತ್ತಿಟ್ಟರೆ ‘ನೋಬಡಿ ಹ್ಯಾವ್ ನಾಟ್ ಕಮ್’ ಆಗಿ ಒಂದೇ ವಾಕ್ಯದಲ್ಲಿ ಎರಡು ತಪ್ಪು. ‘ನಾಟ್’ ತೆಗೆಯಬೇಕು, ‘ಹ್ಯಾವ್’ ಜಾಗಕ್ಕೆ ‘ಹ್ಯಾಸ್’ ಬರಬೇಕು. ಲೇಖನ ಇಲ್ಲಿಂದ ಶುರುವಾಗಲಿ. ‘ಇಂಗ್ಲಿಷಿನ ಮಹತ್ವ’ದ ಎರಡು ಪುಟ ಕಿತ್ತುಹಾಕಿ, ಮಹತ್ವ ತಿಳಿಯದವರು ವ್ಯಾಕರಣ ಓದಲು ಕೂರುವುದಿಲ್ಲ.

‘ಸಮ್ ಸದಾ ಬಹುವಚನ’ ಎಂದಿದ್ದೀರಿ, ಅದು ಸರಿಯಲ್ಲ. ಸಮ್, ಆಲ್, ಮೋಸ್ಟ್ ಬಂದಾಗ ‘ಆಫ್’ ಮುಂದಿನ ನಾಮಪದ ನೋಡಬೇಕು. ಉದಾಹರಣೆಗೆ ದೂರ ಹೋಗಬೇಕಿಲ್ಲ, ನಿಮ್ಮೂರ ಮಾರುಕಟ್ಟೆಯೇ ಇದೆ. ಕಾಯಿ ಎಣಿಸುತ್ತೇವೆ: ‘ಸಮ್ ಆಫ್ ದ ಕೋಕನಟ್ಸ್ ಆರ್ ಬ್ಯಾಡ್’. ಕೊಬ್ಬರಿ ತೂಗುತ್ತೇವೆ: ‘ಸಮ್ ಆಫ್ ದ ಕೊಪ್ರಾ ಈಸ್ ಬ್ಯಾಡ್’. ಇದೇ ಉಪಾಯವನ್ನು ‘ಈಚ್’ಗೆ ಹಚ್ಚಿದರೆ ಕೆಟ್ಟಿತು. ‘ಈಚ್ ಆಫ್ ದ ಕೋಕನಟ್ಸ್ ಈಸ್’ ಎಂದೇ ಆಗಬೇಕು; ಪಕ್ಕದಲ್ಲಿರುವ ‘ಕೋಕನಟ್ಸ್’ ಕಣ್ಣಿಗೆ ಬಿದ್ದು ಕೈ ‘ಆರ್’ ಬರೆದುಬಿಡುತ್ತದೆ. ಆದರೆ ‘ದ ಗರ್ಲ್ಸ್ ಈಚ್ ಹ್ಯಾವ್ ಎ ಬುಕ್’ ಸರಿ, ಅಲ್ಲಿ ಕರ್ತೃ ‘ಗರ್ಲ್ಸ್’.

ಬೋತ್, ಮೆನಿ, ಫ್ಯೂ, ಸೆವರಲ್ ಬಹುವಚನ. ಒಂದು ಸಾಲು ಸಾಕು, ಪುಟ ಬೇಡ.

‘ನನ್’ (none) ಏಕವಚನವೇ ಎಂದು ತೀರ್ಪು ಕೊಡಬೇಡಿ. ‘ನನ್ ಆಫ್ ದ ಬಾಯ್ಸ್’ ಮುಂದೆ ಈಸ್, ಆರ್ ಎರಡೂ ನಡೆಯುತ್ತವೆ. ‘ನನ್ ಆಫ್ ದ ಮಿಲ್ಕ್’ ಮುಂದೆ ಮಾತ್ರ ಈಸ್. ‘ನೈದರ್ ಆಫ್ ದೆಮ್’ ಜೊತೆ ಆಡುಮಾತಿನಲ್ಲಿ ಆರ್ ಕೇಳಿಬಂದರೂ ಪರೀಕ್ಷೆಯಲ್ಲಿ ಈಸ್ ಬರೆದರೆ ಕ್ಷೇಮ. ‘ಎವ್ರಿಒನ್ ಹ್ಯಾಸ್ ಬ್ರಾಟ್ ದೇರ್ ಬುಕ್’ ವಾಕ್ಯವನ್ನು ತಪ್ಪೆಂದು ಹೊಡೆದುಹಾಕಿದ್ದೀರಿ; ಇಂದಿನ ಇಂಗ್ಲಿಷಿನಲ್ಲಿ ಅದು ಸರಿ, ಉಳಿಸಿ.

ಹನ್ನೆರಡು ಪುಟವನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಕಳಿಸಿ. ಕೊನೆಯ ಅಭ್ಯಾಸದ 7ನೇ ಉತ್ತರವೂ ಹಳೇ ಸೂತ್ರದಂತೆಯೇ ಇದೆ, ಅದನ್ನೂ ತಿದ್ದಿ.